ಹ್ಯಾಮ್ಲೆಟ್ ಹಾಳಾಗಿದ್ದು ಅಮ್ಮನಿಂದಲಾ? ಗರ್ಟ್ರೂಡ್ ಮಾಡಿದ ತಪ್ಪಾದರೂ ಏನು?

ನೀಲಿ ಪೆನ್ನು:
ಶೇಕ್ಸ್‌ಪಿಯರನ 'ಹ್ಯಾಮ್ಲೆಟ್' ನಾಟಕದ ಬಗ್ಗೆ ಗೈಡುಗಳಲ್ಲಿ ಒಂದು ಸಿದ್ಧ ಉತ್ತರ ಇದೆ. ತಾಯಿ ದಾರಿ ತಪ್ಪಿದಳು, ಮಗನ ಮನಸ್ಸು ಕೆಟ್ಟಿತು, ಕೊನೆಗೆ ಅರಮನೆ ತುಂಬ ಹೆಣ ಬಿತ್ತು. ಇದನ್ನೇ ಎರಡು ಪುಟ ಎಳೆದರೆ ಮಾರ್ಕ್ಸ್ ಗ್ಯಾರಂಟಿ. ನನಗೆ ಇದು ಸಾಲದು ಅನಿಸುತ್ತದೆ. ದಾರಿ ತಪ್ಪಿದಳು ಸರಿ, ಎಲ್ಲಿ ತಪ್ಪಿದಳು?

ಓದಿಲ್ಲದವರಿಗೆ ಕಥೆ ಇಷ್ಟು. ಡೆನ್ಮಾರ್ಕಿನ ಎಲ್ಸಿನೋರ್ ಕೋಟೆ. ರಾಜ ತೋಟದಲ್ಲಿ ಮಲಗಿದ್ದಾಗ ಹಾವು ಕಚ್ಚಿ ಸತ್ತ ಅಂತ ಸುದ್ದಿ. ತಮ್ಮ ಕ್ಲಾಡಿಯಸ್ ಪಟ್ಟಕ್ಕೆ ಬರುತ್ತಾನೆ, ಅತ್ತಿಗೆ ಗರ್ಟ್ರೂಡಳನ್ನು ಮದುವೆಯಾಗುತ್ತಾನೆ. ಮಗ ಹ್ಯಾಮ್ಲೆಟ್ ಇನ್ನೂ ಕಪ್ಪು ಬಟ್ಟೆಯಲ್ಲೇ ಇರುತ್ತಾನೆ. ಆಮೇಲೆ ಅಪ್ಪನ ಪ್ರೇತ ಬಂದು ಹೇಳುತ್ತದೆ: ಹಾವಲ್ಲ, ತಮ್ಮನೇ ಕಿವಿಗೆ ವಿಷ ಹೊಯ್ದ.

ಪ್ರೇತ ಬರುವ ಮುಂಚೆ, ಕೊಲೆಯ ಸುಳಿವೇ ಇಲ್ಲದಾಗಲೇ, ಹುಡುಗನಿಗೆ ಸತ್ತರೆ ಸಾಕು ಅನಿಸಿರುತ್ತದೆ. ಅಪ್ಪ ಸತ್ತ ದುಃಖಕ್ಕಿಂತ ಅಮ್ಮನ ಮದುವೆ ಅವನನ್ನು ಜಾಸ್ತಿ ಸುಡುತ್ತಿದೆ. ಮೊದಲ ಸ್ವಗತದಲ್ಲಿ ಅವನು ಲೆಕ್ಕ ಹಾಕುವ ರೀತಿ ನೋಡಿ. ಅಪ್ಪ ಸತ್ತು ಎರಡು ತಿಂಗಳು ಅನ್ನುತ್ತಾನೆ. ತಕ್ಷಣ, ಇಲ್ಲ, ಅಷ್ಟೂ ಆಗಿಲ್ಲ ಅನ್ನುತ್ತಾನೆ. ಕೆಲವು ಸಾಲು ದಾಟುವಷ್ಟರಲ್ಲಿ ಅದು ಒಂದೇ ತಿಂಗಳಾಗಿರುತ್ತದೆ. ಮುಂದೆ ಅರಮನೆಯಲ್ಲಿ ನಾಟಕ ನೋಡುವಾಗ ತಾನು ಪ್ರೀತಿಸಿದ ಹುಡುಗಿ ಒಫೀಲಿಯಾ ಹತ್ತಿರ, ಅಪ್ಪ ಸತ್ತು ಎರಡು ಗಂಟೆ ಆಗಿಲ್ಲ, ಅಮ್ಮ ಎಷ್ಟು ಖುಷಿಯಾಗಿದ್ದಾಳೆ ನೋಡು ಅನ್ನುತ್ತಾನೆ. ಇಲ್ಲ ಪ್ರಭು, ನಾಲ್ಕು ತಿಂಗಳಾಯಿತು ಅಂತ ಅವಳು ತಿದ್ದುತ್ತಾಳೆ. ದಿನ ಹೋದ ಹಾಗೆ ಸಿಟ್ಟು ಇಳಿಯಬೇಕು. ಇವನ ವಿಷಯದಲ್ಲಿ ದಿನಗಳೇ ಇಳಿಯುತ್ತಾ ಹೋಗುತ್ತವೆ.

ಹಾಗಾದರೆ ಅಮ್ಮನ ತಪ್ಪು ಎಷ್ಟು, ಮಗ ಬೆಳೆಸಿಕೊಂಡದ್ದು ಎಷ್ಟು?

ಅರ್ಧ ಓದಿದವಳು:
ಅವಸರದ ಮದುವೆ ಅನ್ನುವುದನ್ನು ಅಷ್ಟು ಸುಲಭಕ್ಕೆ ಬಿಡಬೇಡಿ. ನಮ್ಮ ಕಡೆ ಮನೆಯಲ್ಲಿ ಸಾವಾದರೆ ವರ್ಷಾಬ್ದಿಕ ಮುಗಿಯುವ ತನಕ ಹಬ್ಬ ಮಾಡಲ್ಲ, ಗೃಹಪ್ರವೇಶ ಮುಂದೂಡುತ್ತಾರೆ. ಇಲ್ಲಿ ಹ್ಯಾಮ್ಲೆಟ್ ಗೆಳೆಯ ಹೊರೇಷಿಯೊಗೆ ಹೇಳುವುದು ಕೇಳಿ: ಎಲ್ಲಾ ಉಳಿತಾಯಕ್ಕೆ ಮಾರಾಯ, ಸಾವಿನ ಊಟಕ್ಕೆ ಬೇಯಿಸಿದ್ದು ಆರಿತ್ತು, ಅದನ್ನೇ ಮದುವೆ ಊಟಕ್ಕೆ ಬಡಿಸಿದರು. ವೈಕುಂಠ ಸಮಾರಾಧನೆಯ ಎಲೆ ಎತ್ತುವ ಮೊದಲೇ ಮದುವೆ ಎಲೆ ಹಾಕಿದರೆ ಯಾವ ಮಗನಿಗೆ ಉರಿಯಲ್ಲ ಹೇಳಿ.

ಅವಳಿಗೂ ಅದು ಗೊತ್ತು. ಮಗ ಯಾಕೆ ಹೀಗಾದ ಅಂತ ಕ್ಲಾಡಿಯಸ್ ತಲೆ ಕೆಡಿಸಿಕೊಂಡಾಗ, ಇನ್ನೇನು, ಅವರಪ್ಪನ ಸಾವು ಮತ್ತೆ ನಮ್ಮ ಅವಸರದ ಮದುವೆ ಅಂತ ಅವಳೇ ಹೇಳುತ್ತಾಳೆ.

ನಿವೃತ್ತ ಮೇಷ್ಟ್ರು:
ಇದರಲ್ಲಿ ಅವಸರ ಒಂದೇ ಅಲ್ಲ, ಗಂಡನ ತಮ್ಮ ಅನ್ನುವುದೂ ಇದೆ. ನಮ್ಮಲ್ಲಿ ಎಷ್ಟೋ ಸಮುದಾಯಗಳಲ್ಲಿ ಗಂಡ ಸತ್ತವಳಿಗೆ ಕೂಡಿಕೆ, ಸೀರುಡಿಕೆ ಅಂತ ಮರುಮದುವೆ ಇತ್ತು. ಹಾಗಾಗಿ ಮೈದುನನ ಜೊತೆ ಮದುವೆ ಅಂದರೆ ನಾವು ಅಷ್ಟು ಬೆಚ್ಚಿಬೀಳುವುದಿಲ್ಲ. ಆಗಿನ ಇಂಗ್ಲೆಂಡಿನಲ್ಲಿ ಚರ್ಚಿನ ಪ್ರಕಾರ ಅದು ಒಡಹುಟ್ಟಿದವರು ಕೂಡಿದಷ್ಟೇ ದೊಡ್ಡ ಪಾಪ. 8ನೇ ಹೆನ್ರಿ 1509ರಲ್ಲಿ ಸತ್ತ ಅಣ್ಣನ ಹೆಂಡತಿ ಕ್ಯಾಥರೀನಳನ್ನು ಪೋಪರ ವಿಶೇಷ ಅನುಮತಿ ಪಡೆದು ಮದುವೆಯಾಗಿದ್ದ. ಆಮೇಲೆ ಅಣ್ಣನ ಹೆಂಡತಿಯನ್ನು ಕಟ್ಟಿಕೊಂಡದ್ದೇ ತಪ್ಪು ಅನ್ನುವ ವಾದ ಹಿಡಿದು 1533ರಲ್ಲಿ ಆ ಮದುವೆಯನ್ನು ರದ್ದು ಮಾಡಿಸಿದ. ಮುಂದಿನ ಹೆಂಡತಿಯ ಮಗಳೇ ಮೊದಲನೇ ಎಲಿಜಬೆತ್. ಅಂದರೆ ಈ ನಾಟಕ ಬರೆಯುವಾಗ ಇಂಥ ಮದುವೆ ಸರಿ ಅಂದರೆ ರಾಣಿಯ ಹುಟ್ಟನ್ನೇ ಪ್ರಶ್ನೆ ಮಾಡಿದ ಹಾಗೆ. ನೋಡುತ್ತಿದ್ದ ಜನಕ್ಕೆ ಗರ್ಟ್ರೂಡ್ ಮಾಡಿದ್ದು ಬರೀ ಆತುರವಾಗಿ ಕಂಡಿರಲಿಕ್ಕಿಲ್ಲ.

ಇನ್ನೊಂದು. ಈ ತಾಯಿಯ ತಪ್ಪು ಕಥೆ ಕೈ ಬದಲಾದಂತೆಲ್ಲ ಹೆಚ್ಚುಕಮ್ಮಿ ಆಗಿದೆ. 1200ರ ಸುಮಾರಿಗೆ ಸ್ಯಾಕ್ಸೊ ಅನ್ನುವವನು ಡೇನರ ಇತಿಹಾಸ ಬರೆದ. ಅದರಲ್ಲಿ ಇವಳು ಗೆರುಥಾ, ಮಗ ಆಮ್ಲೆತ್. ಅಲ್ಲಿ ತಮ್ಮ ಅಣ್ಣನನ್ನು ಕದ್ದುಮುಚ್ಚಿ ಕೊಲ್ಲುವುದಿಲ್ಲ. ಕೊಂದು, ಗಂಡನ ಕಾಟದಿಂದ ಅವಳನ್ನು ಬಿಡಿಸಿದೆ ಅಂತ ನೆಪ ಹೇಳುತ್ತಾನೆ. ಕೊಲೆಗೆ ಮೊದಲೇ ಇಬ್ಬರಿಗೂ ಸಂಬಂಧ ಇತ್ತು ಅಂತ ಸೇರಿಸಿದ್ದು 1570ರ ಫ್ರೆಂಚ್ ಲೇಖಕ ಬೆಲ್‌ಫೊರೆ. ಶೇಕ್ಸ್‌ಪಿಯರ್ ಎರಡನ್ನೂ ಮಸುಕು ಮಾಡಿ ಇಟ್ಟ. ಪ್ರೇತ ವ್ಯಭಿಚಾರಿ ಅಂತ ಬೈಯುತ್ತದೆ, ಆದರೆ ಯಾವಾಗಿನಿಂದ ಅಂತ ಹೇಳುವುದಿಲ್ಲ.

ರಂಗದ ಹಿಂದೆ:
ಮೇಷ್ಟ್ರೇ, ಆ ಮಸುಕೇ ನಮಗೆ ತಲೆನೋವು. ನಮ್ಮ ಹವ್ಯಾಸಿ ತಂಡ ಈಗ ಇದೇ ನಾಟಕ ಎತ್ತಿಕೊಂಡಿದೆ. ಗರ್ಟ್ರೂಡ್ ಮಾಡುವವರು ಮೊದಲ ದಿನವೇ ಕೇಳಿದರು: ನನಗೆ ಕೊಲೆ ಗೊತ್ತಾ, ಗೊತ್ತಿಲ್ವಾ? ರಂಗದ ಮೇಲೆ ಜಾಸ್ತಿ ಹೊತ್ತು ಇರುತ್ತಾಳೆ, ಮಾತು ಕಮ್ಮಿ, ಸ್ವಗತ ಅಂತ ಇಲ್ಲವೇ ಇಲ್ಲ ಅನ್ನಬಹುದು. ಒಳಗೇನಿದೆ ಅಂತ ಎಲ್ಲಿಂದ ತಿಳಿಯಬೇಕು?

ಉತ್ತರ ಬೇಕಾದರೆ 1603ರ ಮೊದಲ ಮುದ್ರಣದಲ್ಲಿದೆ. ಅದರಲ್ಲಿ ರಾಣಿ ದೇವರಾಣೆ ಹಾಕಿ ಕೊಲೆ ನನಗೆ ಗೊತ್ತಿರಲಿಲ್ಲ ಅನ್ನುತ್ತಾಳೆ, ಮಗನ ಸೇಡಿಗೆ ಜೊತೆಯಾಗುತ್ತೇನೆ ಅಂತ ಮಾತೂ ಕೊಡುತ್ತಾಳೆ. ಹೊರೇಷಿಯೊ ಜೊತೆ ಅವಳಿಗೆ ಬೇರೆ ದೃಶ್ಯವೇ ಇದೆ. ಆಮೇಲಿನ ಮುದ್ರಣಗಳಲ್ಲಿ ಇದೆಲ್ಲ ಇಲ್ಲ. ನಾವು ಆಡುವುದು ಆಮೇಲಿನದನ್ನೇ.

ಬಸ್ಸಲ್ಲಿ ಓದುಗ:
ಕವಿ ಟಿ.ಎಸ್. ಎಲಿಯಟ್ ಹೇಳಿದ್ದು ಇದನ್ನೇ ಅಲ್ವಾ? 1919ರ ಪ್ರಬಂಧದಲ್ಲಿ. ಹ್ಯಾಮ್ಲೆಟ್ಟನ ಅಸಹ್ಯ ಇಷ್ಟು ದೊಡ್ಡದು, ಅದನ್ನು ಹೊರುವಷ್ಟು ಆ ತಾಯಿಯ ಪಾತ್ರ ದೊಡ್ಡದಿಲ್ಲ, ಅದಕ್ಕೇ ನಾಟಕ ಸೋತಿದೆ ಅಂತ.

ನೀಲಿ ಪೆನ್ನು:
ಹೌದು. ಆದರೆ ಅವರು ದೋಷ ಅಂದದ್ದು ನನಗೆ ನಾಟಕದ ಜೀವ ಅನಿಸುತ್ತದೆ. ಕಾರಣಕ್ಕೆ ತಕ್ಕಷ್ಟೇ ಸಿಟ್ಟು ಬರುವುದಾದರೆ ಮನುಷ್ಯ ಹಾಳಾಗುವುದೇ ಇಲ್ಲವಲ್ಲ.

ಅರ್ಥಧಾರಿ:
ಇಂಗ್ಲಿಷ್ ಸಾಹಿತ್ಯ ನನಗೆ ಅಷ್ಟಕ್ಕಷ್ಟೇ. ತಾಳಮದ್ದಳೆ ಕಡೆಯವನು. ಇದನ್ನೆಲ್ಲ ಓದುತ್ತಿದ್ದ ಹಾಗೆ ಕಣ್ಣ ಮುಂದೆ ಬಂದವನು ಅಂಗದ.

ಅವನದ್ದೂ ಇದೇ ಪರಿಸ್ಥಿತಿ ಅಲ್ವಾ? ಅಪ್ಪ ವಾಲಿ ಸತ್ತ, ಅದಕ್ಕೆ ಕಾರಣ ಚಿಕ್ಕಪ್ಪ ಸುಗ್ರೀವ. ರಾಜ್ಯ ಚಿಕ್ಕಪ್ಪನಿಗೆ ಹೋಯಿತು, ತಾಯಿ ತಾರೆಯೂ ಅವನ ಅಂತಃಪುರಕ್ಕೆ ಹೋದಳು. ಹುಡುಗನಿಗೆ ಯುವರಾಜ ಪಟ್ಟ ಕಟ್ಟಿ ಕೂರಿಸಿದರು. ಕ್ಲಾಡಿಯಸ್ ಕೂಡ ತುಂಬಿದ ಸಭೆಯಲ್ಲಿ, ನನ್ನ ನಂತರ ನೀನೇ ಅಂತ ಹ್ಯಾಮ್ಲೆಟ್‌ಗೆ ಹೇಳುತ್ತಾನಂತೆ.

ವಾಲ್ಮೀಕಿಯ ಕಿಷ್ಕಿಂಧಾ ಕಾಂಡದಲ್ಲಿ ಸೀತೆಯನ್ನು ಹುಡುಕುವ ಗಡುವು ಮೀರಿದಾಗ ಅಂಗದನ ಒಳಗಿದ್ದದ್ದು ಹೊರಗೆ ಬರುತ್ತದೆ. ಅಣ್ಣ ಬಿಲದೊಳಗೆ ಹೋರಾಡುತ್ತಿದ್ದಾಗ ಬಾಯಿಗೆ ಕಲ್ಲು ಮುಚ್ಚಿದವನು, ತಾಯಿಗೆ ಸಮಾನಳಾದ ಅತ್ತಿಗೆಯನ್ನು ತನ್ನವಳಾಗಿ ಮಾಡಿಕೊಂಡವನು, ಅವನಲ್ಲಿ ಧರ್ಮ ಎಲ್ಲಿಂದ ಬರಬೇಕು ಅಂತ ಸುಗ್ರೀವನನ್ನು ಹಿಗ್ಗಾಮುಗ್ಗಾ ಬೈಯುತ್ತಾನೆ. ಊರಿಗೆ ಹಿಂತಿರುಗುವುದಿಲ್ಲ ಅಂತ ದರ್ಭೆ ಹಾಸಿ ಪ್ರಾಯೋಪವೇಶಕ್ಕೆ ಕೂರುತ್ತಾನೆ. ಇವನಿಗೂ ಸಾಯಬೇಕು ಅನಿಸಿದೆ ನೋಡಿ. ಆದರೆ ಆ ಗಳಿಗೆಯಲ್ಲೂ ತಾಯಿಯ ಬಗ್ಗೆ ಅವನು ಹೇಳುವುದು ಒಂದೇ: ಪಾಪದವಳು, ಮಗನೆಂದರೆ ಜೀವ ಅವಳಿಗೆ, ನಾನು ಸತ್ತ ಸುದ್ದಿ ಕೇಳಿ ಜೀವ ಬಿಟ್ಟಾಳು, ಹೋಗಿ ಸಮಾಧಾನ ಮಾಡಿ.

ಸಿಟ್ಟು ಚಿಕ್ಕಪ್ಪನ ಮೇಲೆ, ಕನಿಕರ ತಾಯಿಯ ಮೇಲೆ. ನಿಮ್ಮ ಹ್ಯಾಮ್ಲೆಟ್‌ಗೆ ಚಿಕ್ಕಪ್ಪನ ಮೇಲಿನ ಸಿಟ್ಟೂ ತಾಯಿಯ ಮೇಲೇ ತಿರುಗಿದ ಹಾಗಿದೆ.

ನಿವೃತ್ತ ಮೇಷ್ಟ್ರು:
ಅರ್ಥಧಾರಿಗಳೇ, ಒಳ್ಳೆ ಮಾತು. ಗಂಡು ದಿಕ್ಕಿಲ್ಲದೆ ಉಳಿದ ರಾಣಿಗೆ ಎಲ್ಸಿನೋರಿನಲ್ಲಿ ಏನು ದಾರಿಯಿತ್ತು ಅಂತ ಹ್ಯಾಮ್ಲೆಟ್ ಒಂದು ಸಲವೂ ಯೋಚಿಸುವುದಿಲ್ಲ. ಈ ವಯಸ್ಸಿನಲ್ಲಿ ರಕ್ತ ತಣ್ಣಗಿರಬೇಕಲ್ಲ ಅಂತ ಅವಳನ್ನೇ ಕೇಳುತ್ತಾನೆ! ಮೂವತ್ತರ ಮಗ ತಾಯಿಗೆ ಕೇಳುವ ಮಾತಾ ಇದು?

ಎರಡು ಮಕ್ಕಳ ತಾಯಿ:
ಎಲ್ಲರೂ ಸೇರಿ ಗರ್ಟ್ರೂಡಳನ್ನು ಬಿಡುಗಡೆ ಮಾಡುವ ಹಾಗೆ ಕಾಣಿಸುತ್ತಿದೆ. ನಾನು ಮಾಡಲ್ಲ. ಆದರೆ ಮದುವೆಯ ಕೇಸು ನನಗೆ ಬೇಡ. ಮದುವೆ, ಹಾಸಿಗೆ ಅಂತ ಹ್ಯಾಮ್ಲೆಟ್ ಬೊಬ್ಬೆ ಹೊಡೆದ, ನಾವೂ ಅಲ್ಲೇ ನೋಡುತ್ತಾ ಕೂತಿದ್ದೇವೆ. ತಾಯಿಯಾಗಿ ಅವಳು ಎಡವಿದ್ದು ಬೇರೆ ಕಡೆ.

ಅವಳು ರಂಗದ ಮೇಲೆ ಮಗನಿಗೆ ಹೇಳುವ ಮೊದಲ ಮಾತೇ ಏನು? ಆ ಕಪ್ಪು ಬಟ್ಟೆ ಬಿಡು, ಎಷ್ಟು ದಿನ ಅಂತ ಕಣ್ಣು ತಗ್ಗಿಸಿಕೊಂಡು ಅಪ್ಪನನ್ನು ಮಣ್ಣಲ್ಲಿ ಹುಡುಕುತ್ತೀಯ, ಹುಟ್ಟಿದವರೆಲ್ಲ ಸಾಯೋರೇ. ಅದೂ ಎಲ್ಲಿ? ತುಂಬಿದ ಸಭೆಯಲ್ಲಿ, ಹೊಸ ಗಂಡನ ಪಕ್ಕ ಕೂತು. ಮಗನನ್ನು ಒಳಗೆ ಕರೆದು ಒಂದು ಸಲ ತಬ್ಬಿಕೊಂಡು ಅಳಲು ಬಿಟ್ಟಿದ್ದರೆ? ನಾಟಕದಲ್ಲಿ ತಾಯಿ ಮಗ ಇಬ್ಬರೇ ಕೂತು ಸತ್ತವನ ಬಗ್ಗೆ ಮಾತಾಡುವ ಒಂದು ದೃಶ್ಯ ಇಲ್ಲ, ಅವನು ಕತ್ತಿ ಹಿಡಿದು ಅವಳ ಕೋಣೆಗೆ ನುಗ್ಗುವ ತನಕ.

ಎರಡನೇದು, ಹುಡುಗ ಓದಲು ವಿಟೆನ್‌ಬರ್ಗಿಗೆ ವಾಪಸ್ ಹೋಗಬೇಕು ಅಂದಿದ್ದ. ಹೋಗಿದ್ದರೆ ಬದುಕುತ್ತಿದ್ದನೋ ಏನೋ. ಹೋಗಬೇಡ ಅಂತ ಗಂಡನ ಜೊತೆ ಸೇರಿ ಉಳಿಸಿಕೊಂಡಳು.

ಮೂರನೇದು ನನಗೆ ಕ್ಷಮಿಸಲು ಆಗದ್ದು. ಮಗ ಮಂಕಾಗಿದ್ದಾನೆ ಅಂದಾಗ ಅವನನ್ನೇ ಕೇಳುವ ಬದಲು ಅವನ ಬಾಲ್ಯದ ಗೆಳೆಯರು ರೋಸೆನ್‌ಕ್ರಾಂಟ್ಸ್, ಗಿಲ್ಡನ್‌ಸ್ಟರ್ನ್ ಇಬ್ಬರನ್ನೂ ಕರೆಸಿ ಗೂಢಚಾರರನ್ನಾಗಿ ಮಾಡಿದರು. ರಾಜನ ಯೋಜನೆ ನಿಜ, ಆದರೆ ಅವಳೂ ತನ್ನ ಬಾಯಾರೆ ಕೇಳಿಕೊಂಡಳು, ರಾಜರ ಕೈಯಿಂದ ತಕ್ಕ ಸತ್ಕಾರ ಸಿಗುತ್ತದೆ ಅಂತ ಆಸೆ ಬೇರೆ ತೋರಿಸಿದಳು. ಕೊನೆಗೆ ಮಗ ತನ್ನ ಕೋಣೆಗೆ ಬರುವಾಗಲೂ ಪರದೆ ಹಿಂದೆ ರಾಜನ ಮಂತ್ರಿ ಪೊಲೋನಿಯಸ್ ಅಡಗಲು ಒಪ್ಪಿದಳು.

ಹ್ಯಾಮ್ಲೆಟ್ ಇದನ್ನೆಲ್ಲ ಬಾಯಿಬಿಟ್ಟು ಅವಳಿಗೆ ಹೇಳುವುದೇ ಇಲ್ಲ. ಅಮ್ಮ, ನನ್ನನ್ನು ಯಾಕೆ ಅಳಲು ಬಿಡಲಿಲ್ಲ ಅಂತ ಕೇಳಬೇಕಾದವನು ಅವಳ ಹಾಸಿಗೆಯ ಬೆವರಿನ ಬಗ್ಗೆ ಭಾಷಣ ಮಾಡುತ್ತಾನೆ.

ಅರ್ಧ ಓದಿದವಳು:
ಮೇಡಂ, ಇದನ್ನು ಗೈಡಲ್ಲಿ ಹಾಕಿಸಬೇಕು.

ಬಸ್ಸಲ್ಲಿ ಓದುಗ:
ಮನೋವಿಶ್ಲೇಷಕ ಫ್ರಾಯ್ಡ್ ಕಡೆಯವರು ಕೇಳಿದರೆ ಹಾಸಿಗೆಯೇ ಮುಖ್ಯ ಅನ್ನುತ್ತಾರೆ ಬಿಡಿ. ನಟ ಒಲಿವಿಯರ್ ಅವರ 1948ರ 'ಹ್ಯಾಮ್ಲೆಟ್' ಸಿನಿಮಾ ಆ ಕಡೆಗೇ ವಾಲಿದ್ದು. ತಾಯಿ ಪಾತ್ರದ ಐಲೀನ್ ಹರ್ಲಿ ಮಗನ ಪಾತ್ರದ ಒಲಿವಿಯರ್‌ಗಿಂತ ಹತ್ತು ವರ್ಷಕ್ಕೂ ಜಾಸ್ತಿ ಚಿಕ್ಕವರು. ಇನ್ನೇನು ಹೇಳಬೇಕು.

ರಂಗದ ಹಿಂದೆ:
'ಎರಡು ಮಕ್ಕಳ ತಾಯಿ' ಅವರ ಮಾತಿಗೆ ಸೇರಿಸುತ್ತೇನೆ. ಆ ಕೋಣೆಯ ದೃಶ್ಯ ನಾವು ಮೊನ್ನೆ ತಾನೇ ಕೂರಿಸಿದ್ದು. ಓದುವಾಗ ಗೊತ್ತಾಗಲ್ಲ, ಆಡಿದಾಗ ಮೈ ಜುಂ ಅನ್ನುತ್ತದೆ. ಪರದೆ ಹಿಂದೆ ಸದ್ದಾಯಿತು ಅಂತ ಹ್ಯಾಮ್ಲೆಟ್ ಕತ್ತಿ ತೂರಿಸುತ್ತಾನೆ, ಪೊಲೋನಿಯಸ್ ಸಾಯುತ್ತಾನೆ. ಅದು ದೃಶ್ಯದ ಶುರುವಿನಲ್ಲೇ! ಆಮೇಲೆ ಎಷ್ಟೋ ಹೊತ್ತು, ಪಕ್ಕದಲ್ಲಿ ಹೆಣ ಬಿದ್ದಿರುವಾಗ, ಇವನು ತಾಯಿಗೆ ನೀತಿ ಹೇಳುತ್ತಾ ನಿಲ್ಲುತ್ತಾನೆ. ಅಪ್ಪನ ಚಿತ್ರ ನೋಡು, ಇವನ ಚಿತ್ರ ನೋಡು ಅಂತ ಹೋಲಿಸುತ್ತಾನೆ. ಪೊಲೋನಿಯಸ್ ಮಾಡುವ ಹಿರಿಯರು ಮಲಗಿದಲ್ಲೇ, ನನ್ನ ಕಡೆ ಒಬ್ಬರಾದರೂ ನೋಡ್ರಪ್ಪಾ ಅಂದರು. ತಾಯಿಯ ತಪ್ಪು ಎಣಿಸುವವನ ಕೈಯಲ್ಲೇ ಒಂದು ಕೊಲೆ ಆಗಿಹೋಗಿದೆ. ಅದಕ್ಕಿಂತ ಅವಳ ಮದುವೆ ದೊಡ್ಡ ಪಾಪವಾಗಿ ಕಾಣುತ್ತಿದೆ ಅವನಿಗೆ.

ಹ್ಯಾಮ್ಲೆಟ್ ತಾನು ಮಾಡಿದ ಕೊಲೆಯನ್ನೇ, ರಾಜನನ್ನು ಕೊಂದು ಅವನ ತಮ್ಮನನ್ನು ಮದುವೆಯಾದಷ್ಟೇ ಕೆಟ್ಟದ್ದು ಅಮ್ಮ ಅಂದಾಗ ಅವಳು, ರಾಜನನ್ನು ಕೊಂದಷ್ಟಾ, ಅಂತ ಬೆರಗಾಗಿ ಕೇಳುತ್ತಾಳೆ. ನಮ್ಮ ನಟಿ ಈ ಒಂದು ಸಾಲು ಹಿಡಿದುಕೊಂಡು, ನನಗೆ ಕೊಲೆ ಗೊತ್ತಿರಲಿಲ್ಲ, ಮುಗೀತು ಅಂದುಬಿಟ್ಟರು.

ಅಲ್ಲಿಂದಾಚೆ ಅವಳು ಬದಲಾಗುತ್ತಾಳೆ. ನಿನ್ನ ಹುಚ್ಚು ಬರೀ ನಟನೆ ಅನ್ನುವ ಗುಟ್ಟು ಬಿಟ್ಟುಕೊಡಲ್ಲ ಅಂತ ಮಾತು ಕೊಟ್ಟವಳು ಕ್ಲಾಡಿಯಸ್ ಹತ್ತಿರ, ಹುಚ್ಚಿನಲ್ಲಿ ಕೊಂದ, ಮಾಡಿದ್ದಕ್ಕೆ ಅಳುತ್ತಿದ್ದಾನೆ ಅನ್ನುತ್ತಾಳೆ. ಹೆಣವನ್ನು ಎಳೆದುಕೊಂಡು ಹೋಗುವಾಗ ಅವನು ಅತ್ತದ್ದನ್ನು ನಾವ್ಯಾರೂ ನೋಡಿಲ್ಲ.

ನೀಲಿ ಪೆನ್ನು:
ಆ ಹೆಣ ಯಾರದ್ದು ಅನ್ನುವುದು ಮುಖ್ಯ. ಒಫೀಲಿಯಾಳ ಅಪ್ಪನದ್ದು. ತಾಯಿಯ ಮೇಲಿನ ಅಸಹ್ಯ ಮೊದಲು ಹೆಣ್ಣೆಂದರೇ ಹೀಗೆ ಅನ್ನುವ ತೀರ್ಮಾನವಾಯಿತು, ಆಮೇಲೆ ಏನೂ ಮಾಡದ ಆ ಹುಡುಗಿಯ ಮೇಲೆ ಬಿತ್ತು. ಇನ್ನು ಮುಂದೆ ಮದುವೆಗಳೇ ಬೇಡ ಅಂತ ಕೂಗಾಡುತ್ತಾನಲ್ಲ, ಯಾರ ಮದುವೆ ತಲೆಯಲ್ಲಿಟ್ಟುಕೊಂಡು? ಅವಳು ಅಪ್ಪನನ್ನೂ ಕಳೆದುಕೊಂಡು ಬುದ್ಧಿ ತಪ್ಪಿ ನೀರುಪಾಲಾದಳು. ಕುವೆಂಪು ಇದೇ ಕಥೆಯನ್ನು ಬಿದನೂರಿಗೆ ತಂದು 'ರಕ್ತಾಕ್ಷಿ' ಬರೆದಾಗ ಆ ಹುಡುಗಿಯನ್ನು ಹಾಗೆ ಸುಮ್ನೆ ಮುಳುಗಲು ಬಿಡಲಿಲ್ಲ, ರುದ್ರಾಂಬೆಯಾಗಿ ಸೇಡಿಗೆ ನಿಲ್ಲಿಸಿದರು.

ಮತ್ತೆ ಪ್ರೇತ ಹೇಳಿದ್ದೇನು? ಕೊಂದವನ ಮೇಲೆ ಸೇಡು ತೀರಿಸು. ತಾಯಿಯ ತಂಟೆಗೆ ಹೋಗಬೇಡ, ಅವಳನ್ನು ದೇವರಿಗೂ ಅವಳ ಮನಸ್ಸಿನ ಮುಳ್ಳಿಗೂ ಬಿಡು. ಮಗ ಮಾಡಿದ್ದು ತಿರುಗುಮುರುಗು. ಕ್ಲಾಡಿಯಸ್ ಒಬ್ಬನೇ ಮೊಣಕಾಲೂರಿ ಪ್ರಾರ್ಥನೆ ಮಾಡುತ್ತಿದ್ದಾಗ ಬಿಟ್ಟು, ಅಮ್ಮ ಕಾಯುತ್ತಿದ್ದಾಳೆ ಅಂತ ನಡೆದುಬಿಡುತ್ತಾನೆ. ಅಲ್ಲಿ ಕತ್ತಿ ಇಳಿದಿದ್ದರೆ ಉಳಿದವರೆಲ್ಲ ಬದುಕುತ್ತಿದ್ದರು.

ಊರು ಬಿಟ್ಟವನು:
ಮೂಲ ಪ್ರಶ್ನೆಗೆ ಬಂದರೆ, ತಾಯಿಯಿಂದ ಮಗ ಸತ್ತ ನಾಟಕ ಶೇಕ್ಸ್‌ಪಿಯರನದ್ದೇ ಇನ್ನೊಂದಿದೆ, 'ಕೊರಿಯೊಲೇನಸ್'. ರೋಮಿನ ತಾಯಿ ವೊಲಮ್ನಿಯಾ ಮಗ ಯುದ್ಧದಿಂದ ಗಾಯವಾಗಿ ಬಂದ ಅಂದರೆ ದೇವರಿಗೆ ಥ್ಯಾಂಕ್ಸ್ ಹೇಳುವವಳು. ಮೊದಲೇ ಮೈಮೇಲೆ 25 ಗಾಯ ಇತ್ತು ಅಂತ ಹೆಮ್ಮೆಯಿಂದ ಹೇಳುತ್ತಾಳೆ, ಪಕ್ಕದವನು ಈಗ 27 ಅನ್ನುತ್ತಾನೆ. ಮಗನಿಗೆ ಬಗ್ಗುವುದನ್ನು ಕಲಿಸದೆ ಬೆಳೆಸಿ, ಓಟು ಬೇಕಾದಾಗ ಬಗ್ಗು ಅನ್ನುತ್ತಾಳೆ. ಕೊನೆಗೆ ಶತ್ರು ಸೈನ್ಯದ ಜೊತೆ ರೋಮಿನ ಬಾಗಿಲಿಗೆ ಬಂದ ಮಗನ ಮುಂದೆ ಮಂಡಿಯೂರಿ ಊರು ಉಳಿಸಿಕೊಳ್ಳುತ್ತಾಳೆ. ಅಮ್ಮಾ, ಏನು ಮಾಡಿಬಿಟ್ಟೆ ಅನ್ನುತ್ತಾನೆ. ಅವನ ಕಥೆ ಅಲ್ಲಿಗೆ ಮುಗಿಯಿತು. ಅವಳ ಎದುರು ಗರ್ಟ್ರೂಡ್ ಏನೂ ಅಲ್ಲ.

ನಿವೃತ್ತ ಮೇಷ್ಟ್ರು:
ಕನ್ನಡದಲ್ಲಿ ಹುಡುಕಿದರೆ ಜನ್ನನ ಚಂದ್ರಮತಿ ಇದ್ದಾಳಲ್ಲ, 'ಯಶೋಧರ ಚರಿತೆ', 1209. ಹೆಂಡತಿ ಮಾವುತನ ಹತ್ತಿರ ಹೋದದ್ದನ್ನು ಕಣ್ಣಾರೆ ಕಂಡ ಮಗ ನಿಜ ಹೇಳಲಾರದೆ ಕೆಟ್ಟ ಕನಸು ಅನ್ನುತ್ತಾನೆ. ತಾಯಿ, ಬಲಿ ಕೊಡು ಅನ್ನುತ್ತಾಳೆ. ಅವನು ಒಪ್ಪಲ್ಲ, ಅವಳು ಬಿಡಲ್ಲ. ಕೊನೆಗೆ ಹಿಟ್ಟಿನ ಹುಂಜಕ್ಕೆ ಬಂದು ನಿಲ್ಲುತ್ತದೆ. ಮುಂದಿನ ಜನ್ಮದಲ್ಲಿ ಮಗ ನವಿಲು, ತಾಯಿ ನಾಯಿ. ಆ ನಾಯಿ ಬಾಯಲ್ಲೇ ನವಿಲು ಸಾಯುತ್ತದೆ. ಅಲ್ಲಿ ತಾಯಿಗೆ ಮಗನ ಮೇಲೆ ಪ್ರೀತಿ ಇಲ್ಲ ಅನ್ನುವ ಹಾಗಿಲ್ಲ. ಪ್ರೀತಿಯಿಂದಲೇ ಹಿಂಸೆಗೆ ತಳ್ಳಿದಳು.

ಅರ್ಧ ಓದಿದವಳು:
ಕುಂತಿಯನ್ನು ಯಾರೂ ಎತ್ತಲೇ ಇಲ್ಲ?

ಅರ್ಥಧಾರಿ:
ಎತ್ತಿದರೆ ಬೆಳಗಾಗುತ್ತದೆ ತಂಗಿ. ಒಂದೇ ಮಾತು ಹೇಳಿ ಬಿಡುತ್ತೇನೆ. ಹೆತ್ತಾಗ ನೀರಿಗೆ ಬಿಟ್ಟದ್ದನ್ನು ಕರ್ಣ ಹೇಗೋ ನುಂಗಿಕೊಂಡ. ಯುದ್ಧದ ಹೊಸ್ತಿಲಲ್ಲಿ ಮಗನೇ ಅಂತ ಬಂದು, ತೊಟ್ಟ ಬಾಣ ಮತ್ತೆ ತೊಡಬೇಡ ಅಂತ ಮಾತು ತೆಗೆದುಕೊಂಡಳಲ್ಲ, ಅದು ಅವನನ್ನು ತೆಗೆಯಿತು. ಆದರೂ ಅವನ ಬಾಯಲ್ಲಿ ತಾಯಿಗೆ ಹೊಲಸು ಮಾತು ಬರಲಿಲ್ಲ.

ಬಸ್ಸಲ್ಲಿ ಓದುಗ:
ಅದೇ ನಮ್ಮ ಕಥೆಗಳ ತೊಂದರೆ ಕೂಡ. ಮಗ ಬೈಯಲೇಬಾರದು. ಹ್ಯಾಮ್ಲೆಟ್ ಬೈದನಲ್ಲ, ಕನಿಷ್ಠ ಅವಳು ತನ್ನೊಳಗೆ ನೋಡಿಕೊಂಡಳು. ಕುಂತಿಗೆ ಆ ಅವಕಾಶವನ್ನು ಯಾರು ಕೊಟ್ಟರು?

ಎರಡು ಮಕ್ಕಳ ತಾಯಿ:
ಇದಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನು ಬರುತ್ತೇನೆ. ಇಲ್ಲಿ ಕೊನೆಯ ದೃಶ್ಯ ಯಾರೂ ಮುಟ್ಟಿಲ್ಲ. ಕತ್ತಿವರಸೆ ನಡೆಯುವಾಗ ಹ್ಯಾಮ್ಲೆಟ್‌ಗೆ ಅಂತ ಕ್ಲಾಡಿಯಸ್ ವಿಷ ಬೆರೆಸಿಟ್ಟ ಬಟ್ಟಲನ್ನು ಗರ್ಟ್ರೂಡ್ ಎತ್ತಿಕೊಳ್ಳುತ್ತಾಳೆ. ಕುಡಿಯಬೇಡ ಅನ್ನುತ್ತಾನೆ. ಇಲ್ಲ, ಕುಡಿಯುತ್ತೇನೆ, ಕ್ಷಮಿಸಿ ಅನ್ನುತ್ತಾಳೆ. ಗಂಡನಿಗೆ ಎಲ್ಲರೆದುರು ಅವಳು ಆಗಲ್ಲ ಅಂದದ್ದು ಅಲ್ಲೇ. ಸಾಯುವಾಗ, ಪಾನೀಯದಲ್ಲಿ ವಿಷ ಇದೆ ಅಂತ ಮಗನಿಗೇ ಕೂಗಿ ಹೇಳುತ್ತಾಳೆ.

ನೀಲಿ ಪೆನ್ನು:
ಇಡೀ ನಾಟಕ ಮುಂದೂಡಿದ ಕೆಲಸ ಆಗ ಗಳಿಗೆಯಲ್ಲಿ ಆಗುತ್ತದೆ. ಕ್ಲಾಡಿಯಸ್‌ಗೆ ಕತ್ತಿ ಚುಚ್ಚಿ, ಅದೇ ವಿಷ ಕುಡಿಸಿ ಹ್ಯಾಮ್ಲೆಟ್ ಹೇಳುವುದು, ನನ್ನ ಅಮ್ಮನ ಹಿಂದೆ ಹೋಗು. ಆ ಕ್ಷಣದಲ್ಲಿ ಅಪ್ಪನ ಹೆಸರೇ ಇಲ್ಲ. ಅಪ್ಪನ ಪ್ರೇತ ಬಂದು ಕೇಳಿದ್ದಕ್ಕೆ ಏಳದ ಕೈ ತಾಯಿ ಬಿದ್ದದ್ದನ್ನು ನೋಡಿ ಎದ್ದಿತು.

ಊರು ಬಿಟ್ಟವನು:
ಒಲಿವಿಯರ್ ಸಿನಿಮಾದಲ್ಲಿ ಅವಳಿಗೆ ಅನುಮಾನ ಬಂದು, ಬೇಕಂತಲೇ ಕುಡಿಯುತ್ತಾಳೆ. ಮಗನಿಗಾಗಿ. 'ರಂಗದ ಹಿಂದೆ' ಅವರೇ, ನಿಮ್ಮದರಲ್ಲಿ?

ರಂಗದ ಹಿಂದೆ:
ನಮ್ಮ ನಟಿಗೂ ಅದೇ ಆಸೆ, ಕೊನೆಗಾದರೂ ತಾಯಿ ಅನ್ನಿಸಿಕೊಳ್ಳಬೇಕು ಅಂತ. ಆದರೆ ಪಠ್ಯ ಒಪ್ಪುವುದಿಲ್ಲ. ಅವಳು ಕುಡಿದ ಮೇಲೆ ಹ್ಯಾಮ್ಲೆಟ್, ಈಗ ಬೇಡ ಅಮ್ಮ, ಆಮೇಲೆ ಕುಡಿಯುತ್ತೇನೆ ಅನ್ನುತ್ತಾನೆ. ಅಂದರೆ ಬಟ್ಟಲನ್ನು ಅವಳು ಅವನ ಕಡೆಗೂ ಚಾಚಿರಬೇಕು. ವಿಷ ಅಂತ ಗೊತ್ತಿದ್ದವಳು ಮಗನಿಗೆ ಕೊಡುತ್ತಾಳಾ? ಆಮೇಲೆ, ಬಾ, ಮುಖ ಒರೆಸುತ್ತೇನೆ ಅನ್ನುತ್ತಾಳೆ. ಕಪ್ಪು ಬಟ್ಟೆ ಬಿಡು ಅಂದವಳು ಇವಳೇ. ನಾವು ಅವಳಿಗೆ ಏನೂ ಗೊತ್ತಿಲ್ಲದ ಹಾಗೇ ಆಡಿಸುತ್ತಿದ್ದೇವೆ. ಬಾಯಾರಿಕೆ, ಮಗ ಗೆಲ್ಲುತ್ತಿದ್ದಾನೆ ಅನ್ನುವ ಖುಷಿ, ಅಷ್ಟೇ. ನಟಿ ಇನ್ನೂ ಒಪ್ಪಿಲ್ಲ, ಭಾನುವಾರದ ರಿಹರ್ಸಲ್‌ನಲ್ಲಿ ಮತ್ತೆ ಜಗಳ ಇದೆ.